ರಪ್ಚರ್ ಡಿಸ್ಕಾ, ಸೇಫ್ಟಿ ವಾಲ್ವಾ? ನಿಮ್ಮ ವೆಸೆಲ್‌ಗೆ ಯಾವುದು ಸರಿ

ಹೊಸ ರಿಯಾಕ್ಟರ್, ಅಂದರೆ ರಾಸಾಯನಿಕ ಕ್ರಿಯೆ ನಡೆಸುವ ಮುಚ್ಚಿದ ಪಾತ್ರೆ (ವೆಸೆಲ್), ಬಂದಾಗೆಲ್ಲ ಈ ಪ್ರಶ್ನೆ ಏಳುತ್ತದೆ. ಒಳಗಿನ ಒತ್ತಡ ಮಿತಿ ಮೀರಿದರೆ ಹೊರಗೆ ಬಿಡಲು ಮೇಲಿನ ನಾಜಲ್‌ಗೆ, ಅಂದರೆ ಪೈಪು ಜೋಡಿಸುವ ಬಾಯಿಗೆ, ರಪ್ಚರ್ ಡಿಸ್ಕ್ ಹಾಕುವುದಾ, ಸೇಫ್ಟಿ ವಾಲ್ವ್ ಹಾಕುವುದಾ? ಹೆಚ್ಚಿನ ಸಲ ಕೊಟೇಶನ್ ನೋಡಿ ತೀರ್ಮಾನ ಆಗುತ್ತದೆ. ಇಲ್ಲವೇ "ಹೋದ ಸಲ ಏನು ಹಾಕಿದ್ವೋ ಅದನ್ನೇ ಹಾಕಿ" ಅನ್ನುತ್ತಾರೆ. ಬಲ್ಕ್ ಡ್ರಗ್ ಕಾರ್ಖಾನೆಗಳ ಮೇಂಟೆನೆನ್ಸ್‌ನಲ್ಲಿ ವರ್ಷಗಟ್ಟಲೆ ಈ ಎರಡನ್ನೂ ಬಿಚ್ಚಿ, ಕಟ್ಟಿ ನೋಡಿದವನು ನಾನು. ಎರಡು ಪ್ರಶ್ನೆ ಕೇಳಿಕೊಂಡರೆ ದಾರಿ ಕಾಣುತ್ತದೆ. ಅದು ತೆರೆದ ಮೇಲೆ ಏನಾಗಬೇಕು? ತೆರೆಯುವ ತನಕ ದಿನಾ ಏನೇನು ತಡೆದುಕೊಳ್ಳಬೇಕು? ಡಿಸ್ಕಾ ವಾಲ್ವಾ ಅನ್ನುವುದನ್ನು ಮೊದಲನೇ ಪ್ರಶ್ನೆ ಹೇಳುತ್ತದೆ. ಡಿಸ್ಕ್ ಆದರೆ ಯಾವ ಡಿಸ್ಕ್ ಅನ್ನುವುದನ್ನು ಎರಡನೆಯದು.

ಮನೆಯ ಕುಕ್ಕರ್‌ನಲ್ಲಿ ಎರಡೂ ಬಗೆ ಇವೆ. ವಿಷಲ್ ಹೊಡೆಯುವ ವೆಯ್ಟ್ ಎದ್ದು, ಆವಿ ಬಿಟ್ಟು, ಮತ್ತೆ ಕೂರುತ್ತದೆ. ಮುಚ್ಚಳದ ಮೇಲಿನ ಪುಟ್ಟ ಬಿರಡೆಯನ್ನು ನಾವು ಸೇಫ್ಟಿ ವಾಲ್ವ್ ಅಂತಲೇ ಕರೆಯುತ್ತೇವೆ. ಆದರೆ ಅದರೊಳಗಿನ ಲೋಹ ಒಮ್ಮೆ ಕರಗಿ ದಾರಿ ಬಿಟ್ಟರೆ ಮುಗಿಯಿತು, ಅಂಗಡಿಯಿಂದ ಹೊಸದು ತರಬೇಕು. ಕಾರ್ಖಾನೆಯ ಸ್ಪ್ರಿಂಗ್ ವಾಲ್ವ್ ಆ ವೆಯ್ಟ್‌ನ ಜಾತಿ. ರಪ್ಚರ್ ಡಿಸ್ಕ್ ಆ ಬಿರಡೆಯ ಜಾತಿ. ಒಂದೇ ವ್ಯತ್ಯಾಸ, ಬಿರಡೆ ಬಿಸಿಗೆ ಕರಗುತ್ತದೆ, ಡಿಸ್ಕ್ ಒತ್ತಡಕ್ಕೆ ಒಡೆಯುತ್ತದೆ.

ಡಿಸ್ಕ್ ಕೈಗೆ ತೆಗೆದುಕೊಂಡರೆ ಇಷ್ಟೇನಾ ಅನ್ನಿಸುತ್ತದೆ. ಪುಟ್ಟ ಬಟ್ಟಲಿನ ಹಾಗೆ ಉಬ್ಬಿಸಿದ ಲೋಹದ ತೆಳು ಹಾಳೆ. ಕಡಿಮೆ ಒತ್ತಡದ್ದಾದರೆ ಕಾಗದದಷ್ಟು ತೆಳು. ಅಂಚಿಗೆ ಒಂದು ಬಿಲ್ಲೆ ನೇತಾಡುತ್ತಿರುತ್ತದೆ. ಅದರ ಮೇಲೆ ಲಾಟ್ ನಂಬರ್, ಯಾವ ಉಷ್ಣತೆಯಲ್ಲಿ ಎಷ್ಟು ಒತ್ತಡಕ್ಕೆ ಒಡೆಯುತ್ತದೆ ಅನ್ನುವ ಅಂಕಿ, ಹರಿವಿನ ದಿಕ್ಕಿಗೆ ಬಾಣದ ಗುರುತು. ಎರಡು ತುಂಡಿನ ಹೋಲ್ಡರ್ ನಡುವೆ ಕೂರಿಸಿ, ಫ್ಲೇಂಜ್‌ಗಳ (ಪೈಪಿನ ತುದಿಯ, ಬೋಲ್ಟ್ ಹಾಕುವ ಬಳೆಗಳ) ಮಧ್ಯೆ ಬಿಗಿದರೆ ಮುಗಿಯಿತು. ಸ್ಪ್ರಿಂಗ್ ಇಲ್ಲ, ಸೀಟ್ ಇಲ್ಲ, ಓಡಾಡುವ ಭಾಗವೇ ಇಲ್ಲ. ಇದರ ಬಲವೂ ಇದೇ, ಮಿತಿಯೂ ಇದೇ.

ಡಿಸ್ಕ್ ಎಲ್ಲಿ ಗೆಲ್ಲುತ್ತದೆ

ಸೋರದಿರುವುದರಲ್ಲಿ. ಸ್ಪ್ರಿಂಗ್ ವಾಲ್ವ್‌ನಲ್ಲಿ ಲೋಹದ ಮೇಲೆ ಲೋಹ ಕೂತಿರುತ್ತದೆ. ಸೆಟ್ ಪ್ರೆಶರ್ (ತೆರೆಯಬೇಕು ಅಂತ ಹೊಂದಿಸಿಟ್ಟ ಒತ್ತಡ) ಹತ್ತಿರ ಬಂದಂತೆ, ಆ ಲೋಹಗಳು ಕೂರುವ ಜಾಗ, ಅಂದರೆ ಸೀಟ್, ಸಣ್ಣಗೆ ಸುಯ್ಯೆನ್ನುತ್ತದೆ. ಗಾಳಿಯಾದರೆ ತೊಂದರೆ ಇಲ್ಲ. ಫಾಸ್ಜೀನ್, ಕ್ಲೋರಿನ್‌ನಂಥ ವಿಷಾನಿಲವಾದರೆ ಆ ಸಣ್ಣ ಸೋರಿಕೆಯೂ ಬೇಡ. ಗಟ್ಟಿ ಇರುವ ಡಿಸ್ಕ್‌ಗೆ ಸೋರಲು ಜಾಗವೇ ಇಲ್ಲ.

ಅಂಟುವ, ಹರಳುಗಟ್ಟುವ, ಪಾಲಿಮರ್ ಆಗುವ ಸರಕಿಗೂ ಡಿಸ್ಕ್ ಒಳ್ಳೆಯದು. ಇಂಥ ಕಡೆ ಬರೀ ವಾಲ್ವ್ ಹಾಕಿದರೆ ಒಳಗೆ ಮಾಲು ಕಟ್ಟಿಕೊಂಡು, ಏಳಬೇಕಾದ ದಿನ ಅದು ಏಳುವುದಿಲ್ಲ. ಡಿಸ್ಕ್ ಮೇಲೂ ಮಾಲು ಕಟ್ಟುತ್ತದೆ, ಇಲ್ಲವೆಂದಲ್ಲ. ಆದರೆ ಉದ್ದ ನಾಜಲ್ ತುದಿಗೆ ಹಾಕದೆ ವೆಸೆಲ್ ಗೋಡೆಗೆ ಹತ್ತಿರ ಕೂರಿಸಿದರೆ, ಹೊರಗೆ ಸ್ವಲ್ಪ ಬಿಸಿ ಕೊಟ್ಟರೆ, ಬಹಳ ಕಡೆ ಸಂಭಾಳಿಸಬಹುದು.

ಮೂರನೆಯದು ವೇಗ. ಡಿಸ್ಕ್ ಮಿಲಿಸೆಕೆಂಡ್‌ಗಳಲ್ಲಿ ತೆರೆದುಕೊಳ್ಳುತ್ತದೆ. ತೆರೆದರೆ ಪೈಪಿನ ಪೂರ್ತಿ ಬಾಯಿಯೇ ತೆರೆದ ಹಾಗೆ. ರಿಯಾಕ್ಷನ್ ಕೈಮೀರಿ ಓಡುವಾಗ, ದ್ರವ ನೊರೆ ಎದ್ದು ಗ್ಯಾಸ್ ಜೊತೆ ಮೇಲಕ್ಕೆ ಬರುವಾಗ, ಈ ದೊಡ್ಡ ಬಾಯಿ ಬೇಕೇ ಬೇಕು.

ಆದರೆ ಡಿಸ್ಕ್ ಹಾಕಿದ್ದೇವೆ ಅಂದ ಮಾತ್ರಕ್ಕೆ ನಿಶ್ಚಿಂತೆ ಇಲ್ಲ. ಫ್ಲಾರಿಡಾದ ಜಾಕ್ಸನ್‌ವಿಲ್‌ನಲ್ಲಿ 2007ರ ಡಿಸೆಂಬರ್ 19ರಂದು ಟಿ2 ಲ್ಯಾಬೊರೇಟರೀಸ್‌ನ ರಿಯಾಕ್ಟರ್ ಸ್ಫೋಟಿಸಿತು. ಕೂಲಿಂಗ್ ಕೈಕೊಟ್ಟು ರಿಯಾಕ್ಷನ್ ಓಡತೊಡಗಿತ್ತು. ನಾಲ್ವರು ಸತ್ತರು, 32 ಜನ ಗಾಯಗೊಂಡರು. ಆ ರಿಯಾಕ್ಟರ್ ಮೇಲೆ ರಪ್ಚರ್ ಡಿಸ್ಕ್ ಇತ್ತು. ಅದರ ಸೆಟ್ಟಿಂಗ್ 400 ಪಿಎಸ್‌ಐ, ಅಂದರೆ ಸುಮಾರು 28 ಬಾರ್. ಅಮೆರಿಕದ ಕೆಮಿಕಲ್ ಸೇಫ್ಟಿ ಬೋರ್ಡ್ ತನಿಖೆ ಮಾಡಿತು. ಸೆಟ್ಟಿಂಗ್ 75 ಪಿಎಸ್‌ಐ, ಸುಮಾರು 5 ಬಾರ್ ಇದ್ದಿದ್ದರೆ ಮೊದಲ ರಿಯಾಕ್ಷನ್‌ನ ಹಂತದಲ್ಲೇ ಒತ್ತಡ ಹೊರಗೆ ಹೋಗಿ, ಅದಕ್ಕಿಂತ ಉಗ್ರವಾದ ಎರಡನೇ ರಿಯಾಕ್ಷನ್ ತಪ್ಪಬಹುದಿತ್ತು ಎಂದು ಕಂಡುಕೊಂಡಿತು. ಬಿಸಿ ಏರಿದಷ್ಟೂ ರಿಯಾಕ್ಷನ್ ಇನ್ನೂ ಜೋರಾಗುತ್ತದೆ. ಬೇಗ ಬಾಯಿ ತೆರೆದರೆ ಸಾಲ್ವೆಂಟ್ ಕುದಿದು ಬಿಸಿಯನ್ನೂ ಹೊತ್ತೊಯ್ಯುತ್ತದೆ. ತಡವಾದರೆ ಎಷ್ಟು ದೊಡ್ಡ ಬಾಯಿಯೂ ಸಾಲದು.

ಹಾಗಾಗಿ ವೆಸೆಲ್‌ನ ಡಿಸೈನ್ ಪ್ರೆಶರ್ (ಅದು ತಡೆಯಬೇಕು ಅಂತ ಲೆಕ್ಕ ಹಾಕಿ ಕಟ್ಟಿದ ಒತ್ತಡ) ಎಷ್ಟಿದೆಯೋ ಅಷ್ಟಕ್ಕೇ ಡಿಸ್ಕ್ ಸೆಟ್ ಮಾಡುವ ರೂಢಿಯನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಕೋಡ್, ಅಂದರೆ ಇಂಥ ವೆಸೆಲ್‌ಗಳ ನಿಯಮಾವಳಿ, ಹೇಳುವುದು ಅದನ್ನು ಮೀರಬಾರದು ಅಂತ. ಕಡಿಮೆ ಇಡಬಾರದು ಅಂತ ಎಲ್ಲೂ ಹೇಳಿಲ್ಲ.

ವಾಲ್ವ್ ಎಲ್ಲಿ ಗೆಲ್ಲುತ್ತದೆ

ಒಡೆದ ಡಿಸ್ಕ್ ಮುಚ್ಚುವುದಿಲ್ಲ. ಒಳಗಿನ ಒತ್ತಡ ಹೊರಗಿನದಕ್ಕೆ ಸಮ ಆಗುವ ತನಕ ಮಾಲು ಹೋಗುತ್ತಲೇ ಇರುತ್ತದೆ. ಎಲ್‌ಪಿಜಿ ಬುಲೆಟ್ (ಅಡ್ಡ ಮಲಗಿಸಿದ ದೊಡ್ಡ ಗ್ಯಾಸ್ ಟ್ಯಾಂಕ್) ಮೇಲೆ ಬರೀ ಡಿಸ್ಕ್ ಇದೆ ಅಂದುಕೊಳ್ಳಿ. ಬಿಸಿಲಿಗೆ ಒತ್ತಡ ಸ್ವಲ್ಪ ಏರಿ ಡಿಸ್ಕ್ ಒಡೆಯಿತು. ಒಳಗಿನ ದ್ರವ ಕುದಿಯುತ್ತಾ ಟ್ಯಾಂಕ್ ಪೂರ್ತಿ ಊರಿನ ಗಾಳಿಗೆ ಸೇರುತ್ತದೆ. ಅದೇ ವಾಲ್ವ್ ಆದರೆ ಬೇಕಾದಷ್ಟು ಬಿಟ್ಟು ಮುಚ್ಚಿಕೊಳ್ಳುತ್ತದೆ. ಒಳಗಿನ ಮಾಲು ಜಾಸ್ತಿ, ಅದು ಹೊರಬಂದರೇ ಅಪಾಯ ಅನ್ನುವ ಕಡೆ ವಾಲ್ವ್ ಇರಲೇಬೇಕು.

ಸ್ಟೀಮ್ ಬಾಯ್ಲರ್‌ಗೆ ಈ ಚರ್ಚೆಯೇ ಇಲ್ಲ. ಅಲ್ಲಿ ಕಾನೂನು ಕೇಳುವುದು ಸೇಫ್ಟಿ ವಾಲ್ವ್. ಏರ್ ರಿಸೀವರ್, ನೈಟ್ರೋಜನ್ ಹೆಡರ್, ಬಿಸಿನೀರಿನ ಲೈನ್, ಇಂಥ ಶುದ್ಧ ಮತ್ತು ಸಾಧು ಸರಕಿಗೂ ವಾಲ್ವ್ ಸಾಕು. ಸುಮ್ನೆ ಡಿಸ್ಕ್ ಹಾಕಿ ಒಡೆದಾಗೆಲ್ಲ ಪ್ಲಾಂಟ್ ನಿಲ್ಲಿಸುವುದು ಯಾಕೆ?

ವಾಲ್ವ್‌ಗೆ ಇನ್ನೊಂದು ದೊಡ್ಡ ಅನುಕೂಲ ಇದೆ, ಅದನ್ನು ಪರೀಕ್ಷೆ ಮಾಡಬಹುದು. ವರ್ಷಕ್ಕೊಮ್ಮೆ ಬಿಚ್ಚಿ, ಟೆಸ್ಟ್ ಬೆಂಚ್ ಮೇಲೆ ಪಾಪ್ ಮಾಡಿಸಿ, ಎಷ್ಟಕ್ಕೆ ಎದ್ದಿತು ಅಂತ ಕಣ್ಣಾರೆ ನೋಡಿ ವಾಪಸ್ ಹಾಕಬಹುದು. ಡಿಸ್ಕ್‌ಗೆ ಆ ಭಾಗ್ಯ ಇಲ್ಲ. ಪರೀಕ್ಷೆ ಮಾಡಿದ ಡಿಸ್ಕ್ ಉಳಿಯುವುದಿಲ್ಲ. ಅದಕ್ಕೇ ಡಿಸ್ಕ್‌ಗಳನ್ನು ಲಾಟ್ ಲೆಕ್ಕದಲ್ಲಿ ಮಾಡುತ್ತಾರೆ. ಒಂದೇ ಹಾಳೆಯಿಂದ ಒಂದೇ ಹೊತ್ತಿಗೆ ಮಾಡಿದವುಗಳಲ್ಲಿ ಕನಿಷ್ಠ ಎರಡನ್ನು ಒಡೆದು ನೋಡಿ, ಆ ಅಂಕಿಯನ್ನು ಉಳಿದವುಗಳ ಬಿಲ್ಲೆಗೆ ಕೊಡುತ್ತಾರೆ. ನಿಮ್ಮ ಕೈಗೆ ಬರುವ ಡಿಸ್ಕ್‌ಗೆ ಅದರ ಜೊತೆ ಹುಟ್ಟಿದವುಗಳೇ ಸಾಕ್ಷಿ. ಒಂದೇ ಡಿಸ್ಕ್ ಆರ್ಡರ್ ಮಾಡಿದರೂ ಒಡೆದವುಗಳ ಖರ್ಚು ನಿಮ್ಮದೇ. ಅದಕ್ಕೆ ಒಂದೆರಡು ಸ್ಪೇರ್ ಸೇರಿಸಿ ಅದೇ ಲಾಟ್‌ನಲ್ಲಿ ತರಿಸಿಕೊಳ್ಳಿ.

ಎರಡೂ ಸೇರಿಸಿ ಹಾಕಿದರೆ?

ಬಹಳ ಕಡೆ ಸರಿಯಾದ ಉತ್ತರ ಇದೇ. ಕೆಳಗೆ ಡಿಸ್ಕ್, ಅದರ ಮೇಲೆ ವಾಲ್ವ್. ಡಿಸ್ಕ್ ಆಸಿಡ್‌ನಿಂದ, ಅಂಟಿನಿಂದ ವಾಲ್ವನ್ನು ಕಾಯುತ್ತದೆ. ಆಸಿಡ್ ತಡೆಯುವ ದುಬಾರಿ ಹ್ಯಾಸ್ಟೆಲಾಯ್ ಮಿಶ್ರಲೋಹದ ವಾಲ್ವ್ ಬದಲು ಮಾಮೂಲಿ ಸ್ಟೀಲ್ ವಾಲ್ವ್ ನಡೆಯಬಹುದು. ಡಿಸ್ಕ್ ಒಡೆದರೂ ವಾಲ್ವ್ ಮುಚ್ಚಿಕೊಳ್ಳುವುದರಿಂದ ಬ್ಯಾಚ್ ಉಳಿಯುತ್ತದೆ. ಇದಕ್ಕೆ ಮೂರು ಷರತ್ತು ಇವೆ. ಡಿಸ್ಕ್ ಚೂರಾಗುವ ಜಾತಿಯದ್ದಾಗಿರಬಾರದು, ಚೂರು ಹೋಗಿ ವಾಲ್ವ್ ಬಾಯಲ್ಲಿ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಡಿಸ್ಕ್ ಮತ್ತು ವಾಲ್ವ್ ಜೋಡಿಯನ್ನು ಒಟ್ಟಿಗೆ ಪರೀಕ್ಷಿಸಿ ಸರ್ಟಿಫೈ ಮಾಡಿರದಿದ್ದರೆ ವಾಲ್ವ್‌ನ ಸಾಮರ್ಥ್ಯವನ್ನು 0.9ರಿಂದ ಗುಣಿಸಿ ಲೆಕ್ಕ ಹಾಕಬೇಕು. ಮೂರನೆಯ ಷರತ್ತೇ ಎಲ್ಲರೂ ಮರೆಯುವುದು. ಎರಡರ ನಡುವಿನ ಜಾಗದಲ್ಲಿ ಒತ್ತಡ ಸೇರದಂತೆ ನೋಡಿಕೊಳ್ಳಬೇಕು, ಸೇರಿದರೆ ಗೊತ್ತಾಗಬೇಕು.

ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಆ ಜಾಗಕ್ಕೆ ಪುಟ್ಟ ಗೇಜ್ ಇತ್ತು. ಒಂದು ರಾತ್ರಿ ಪಾಳಿಯಲ್ಲಿ ರೌಂಡ್ಸ್ ಹೋದಾಗ ಅದು 2 ಬಾರ್ ತೋರಿಸುತ್ತಿತ್ತು. ಪಕ್ಕದಲ್ಲಿದ್ದ ಹುಡುಗನನ್ನು ಕೇಳಿದೆ. "ಅದು ಯಾವಾಗಲೂ ಹಾಗೇ ಸರ್, ರಿಯಾಕ್ಟರ್ ಪ್ರೆಶರ್ ಅಲ್ವಾ?" ಅಂದ. ಲಾಗ್ ಶೀಟ್ ತಿರುವಿದೆ. ಹನ್ನೊಂದು ದಿನದಿಂದ ಎಲ್ಲ ಪಾಳಿಯವರೂ 2 ಅಂತ ನೀಟಾಗಿ ಬರೆದಿದ್ದರು. ಆ ಗೇಜ್ ಸೊನ್ನೆ ತೋರಿಸಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಬ್ಯಾಚ್ ಮುಗಿದ ಮೇಲೆ ಡಿಸ್ಕ್ ತೆಗೆದು ಟ್ಯೂಬ್‌ಲೈಟ್‌ಗೆ ಹಿಡಿದೆವು. ಅಂಚಿನ ಹತ್ತಿರ ಸೂಜಿ ಮೊನೆಯಷ್ಟು ಬೆಳಕು ಕಂಡಿತು.

ಸೂಜಿ ಮೊನೆಯಷ್ಟು ತೂತಿಗೆ ಯಾಕಿಷ್ಟು ಗಾಬರಿ? ಡಿಸ್ಕ್ ನೋಡುವುದು ಎರಡು ಕಡೆಯ ಒತ್ತಡದ ವ್ಯತ್ಯಾಸವನ್ನು. ಅದು 6 ಬಾರ್‌ಗೆ ಒಡೆಯುವ ಡಿಸ್ಕ್. ಹಿಂಬದಿಯಲ್ಲಿ 2 ಬಾರ್ ಕೂತಿದ್ದರೆ, ಒತ್ತಡ ಸರ್ರನೆ ಏರುವ ದಿನ ರಿಯಾಕ್ಟರ್ 8 ಬಾರ್ ಮುಟ್ಟಿದ ಮೇಲಷ್ಟೇ ಅದು ಒಡೆಯುತ್ತದೆ. ವೆಸೆಲ್‌ನ ಡಿಸೈನ್ ಇದ್ದದ್ದು 6ಕ್ಕೆ. ಆಮೇಲೆ ಗೇಜ್‌ಗೆ ಸೊನ್ನೆಯ ಜಾಗದಲ್ಲಿ ಹಸಿರು, ಉಳಿದದ್ದಕ್ಕೆ ಕೆಂಪು ಬಣ್ಣ ಬಳಿಸಿದೆವು. ಈಗ ಡಿಸ್ಕ್ ಒಡೆದರೆ ಕಂಟ್ರೋಲ್ ರೂಮಿಗೆ ಅಲಾರಂ ಕೊಡುವ ಸೆನ್ಸರ್‌ಗಳೂ ಇವೆ. ಆದರೆ ಹಲವು ಸೆನ್ಸರ್‌ಗಳು ಡಿಸ್ಕ್ ಹರಿದಾಗ ತಂತಿ ತುಂಡಾಗಿ ಹೇಳುವಂಥವು. ಸಣ್ಣ ತೂತು ಅವಕ್ಕೆ ಕಾಣುವುದಿಲ್ಲ. ಗೇಜ್ ಇರಲೇಬೇಕು.

ಭೋಪಾಲ್‌ನ ಯೂನಿಯನ್ ಕಾರ್ಬೈಡ್‌ನ 610ನೇ ನಂಬರಿನ ಟ್ಯಾಂಕ್ ಮೇಲೂ ಹೀಗೇ ರಪ್ಚರ್ ಡಿಸ್ಕ್, ಅದರಾಚೆ ಸೇಫ್ಟಿ ವಾಲ್ವ್ ಇತ್ತು. 1984ರ ಡಿಸೆಂಬರ್ 2ರ ರಾತ್ರಿ ಟ್ಯಾಂಕಿಗೆ ನೀರು ಸೇರಿ ಒತ್ತಡ ಏರಿದಾಗ ಡಿಸ್ಕ್ ಒಡೆಯಿತು, ವಾಲ್ವ್ ತೆರೆಯಿತು. ಎರಡೂ ತಮ್ಮ ಕೆಲಸ ಮಾಡಿದವು. ಅವುಗಳ ಆಚೆ ಇದ್ದ ಸ್ಕ್ರಬ್ಬರ್‌ಗೆ (ಗ್ಯಾಸ್ ತೊಳೆದು ವಿಷ ತೆಗೆಯುವ ಸಾಧನ) ಅಷ್ಟು ಗ್ಯಾಸ್ ತಡೆಯುವ ಶಕ್ತಿ ಇರಲಿಲ್ಲ. ಗ್ಯಾಸ್ ಸುಟ್ಟುಬಿಡುವ ಫ್ಲೇರ್‌ಗೆ ಹೋಗುವ ಪೈಪಿನ ತುಂಡನ್ನು ರಿಪೇರಿಗೆ ಅಂತ ಬಿಚ್ಚಿಟ್ಟಿದ್ದರು. ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ವಿಷಾನಿಲ ಮಲಗಿದ್ದ ಜನರ ಮೇಲೆ ಇಳಿಯಿತು. ತೆರೆದ ಮೇಲೆ ಏನಾಗಬೇಕು ಅನ್ನುವ ಪ್ರಶ್ನೆಯನ್ನು ನಾನು ಮೊದಲು ಇಟ್ಟಿದ್ದು ಈ ಕಾರಣಕ್ಕೆ. ಡಿಸ್ಕ್ ಆರಿಸುವ ಮೊದಲು ಅದರ ಪೈಪು ಎಲ್ಲಿಗೆ ಹೋಗುತ್ತದೆ ಅಂತ ಡ್ರಾಯಿಂಗ್ ಮೇಲೆ ಬೆರಳಿಟ್ಟು ಕೊನೆತನಕ ಹೋಗಿ ನೋಡಿ. ಪ್ಲಾಟ್‌ಫಾರ್ಮ್ ಮೇಲೆ ಜನ ಓಡಾಡುವ ಕಡೆ ಮುಖ ಮಾಡಿದ್ದರೆ ಇವತ್ತೇ ತಿರುಗಿಸಿ.

ಎರಡನ್ನೂ ಅಕ್ಕಪಕ್ಕ ಹಾಕುವ ಬಗೆಯೂ ಉಂಟು. ಆಸ್ಪತ್ರೆಯ ಹಿಂದೆ ನಿಂತಿರುವ ಎತ್ತರದ ಬಿಳಿ ಆಕ್ಸಿಜನ್ ಟ್ಯಾಂಕ್ ನೋಡಿರುತ್ತೀರಿ. ಅಂಥ ಅತಿಶೀತ ಟ್ಯಾಂಕ್‌ಗಳಲ್ಲಿ ಮಾಮೂಲಿ ಒತ್ತಡಕ್ಕೆ ವಾಲ್ವ್ ಏಳುತ್ತದೆ. ಅದು ಸಾಲದೆ ಹೋದರೆ, ಇಲ್ಲವೇ ಹಿಮ ಕಟ್ಟಿ ಏಳದೆ ಹೋದರೆ, ಸ್ವಲ್ಪ ಮೇಲಿನ ಒತ್ತಡಕ್ಕೆ ಪಕ್ಕದ ಡಿಸ್ಕ್ ಒಡೆಯುತ್ತದೆ. ಸೋಡಾ ಅಂಗಡಿಯ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ನ ವಾಲ್ವ್ ಪಕ್ಕದಲ್ಲಿ ಒಂದು ಸಣ್ಣ ನಟ್ ಇರುತ್ತದೆ. ಅದರೊಳಗೂ ಇರುವುದು ಪುಟ್ಟ ಡಿಸ್ಕ್. ಸೋರುತ್ತಿದೆ ಅಂತ ಆ ನಟ್ ಬಿಗಿಯಲು ಹೋಗಬೇಡಿ.

ಡಿಸ್ಕ್ ಅಂತ ಆಯಿತು. ಯಾವುದು?

ಇಲ್ಲಿ ಎರಡನೇ ಪ್ರಶ್ನೆ ಬರುತ್ತದೆ. ಒಡೆಯುವ ಒತ್ತಡ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ದಿನಾ ಓಡುವ ಒತ್ತಡ ಎಷ್ಟು, ವ್ಯಾಕ್ಯೂಮ್ ಬರುತ್ತದಾ, ದಿನಕ್ಕೆ ಎಷ್ಟು ಸಲ ಏರಿಳಿಯುತ್ತದೆ ಅಂತ ಕೇಳುವವರು ಕಮ್ಮಿ. ಡಿಸ್ಕ್ ಅಕಾಲದಲ್ಲಿ ಒಡೆಯುವುದು ಇವುಗಳಿಂದಲೇ.

ಹಳೆಯ ಬಗೆ ಮುಂದಕ್ಕೆ ಉಬ್ಬಿದ ಕನ್ವೆನ್ಷನಲ್ ಡಿಸ್ಕ್. ಒತ್ತಡ ಬಟ್ಟಲಿನ ಒಳಗಿನಿಂದ ತಳ್ಳುತ್ತದೆ, ಲೋಹ ಹಿಗ್ಗಿ ಹರಿಯುತ್ತದೆ. ಅಗ್ಗ, ಸರಳ. ಆದರೆ ಒಡೆಯುವ ಒತ್ತಡದ 70 ಶೇಕಡದೊಳಗೇ ಓಡಿಸಬೇಕು. ಹರಿದಾಗ ಚೂರು ಹಾರಬಹುದು. ವ್ಯಾಕ್ಯೂಮ್ ಬಂದರೆ ಒಳಕ್ಕೆ ಕುಸಿಯದಂತೆ ಕೆಳಗೆ ಆಸರೆ ಬೇಕು. ಇದೇ ಬಗೆಯಲ್ಲಿ ಗೀರು ಹಾಕಿದ್ದು ಸಿಗುತ್ತದೆ. ಗೀರಿನ ಗುಂಟ ಹೂವಿನ ಎಸಳಿನಂತೆ ಬಿಚ್ಚಿಕೊಳ್ಳುತ್ತದೆ, ಚೂರಾಗುವುದಿಲ್ಲ, 80ರಿಂದ 85 ಶೇಕಡದವರೆಗೆ ಓಡಿಸಬಹುದು. ತೀರಾ ಕಡಿಮೆ ಒತ್ತಡಕ್ಕೆ ಸೀಳು ಹಾಕಿದ ಲೋಹದ ಕೆಳಗೆ ಟೆಫ್ಲಾನ್ ಹಾಳೆ ಇಟ್ಟ ಕಾಂಪೊಸಿಟ್ ಡಿಸ್ಕ್ ಬರುತ್ತದೆ.

ರಿವರ್ಸ್ ಡಿಸ್ಕ್ ಉಲ್ಟಾ ಕೂರುತ್ತದೆ. ಒತ್ತಡ ಉಬ್ಬಿದ ಬೆನ್ನಿನ ಮೇಲೆ ಬೀಳುತ್ತದೆ. ಮಿತಿ ಮೀರಿದಾಗ ಬಟ್ಟಲು ಪಟಕ್ಕನೆ ತಿರುವಿಕೊಂಡು, ಗೀರಿನ ಗುಂಟ ಹರಿದು ಬಾಯಿ ಬಿಡುತ್ತದೆ. 90 ಶೇಕಡದವರೆಗೆ ಓಡಿಸಬಹುದು, ಪೂರ್ತಿ ವ್ಯಾಕ್ಯೂಮ್ ತಡೆಯುತ್ತದೆ, ಏರಿಳಿತಕ್ಕೆ ಬೇಗ ದಣಿಯುವುದಿಲ್ಲ. ದಿನಾ ಪ್ರೆಶರ್, ದಿನಾ ವ್ಯಾಕ್ಯೂಮ್ ನೋಡುವ ಬ್ಯಾಚ್ ರಿಯಾಕ್ಟರ್‌ಗೆ ನನ್ನ ಓಟು ಇದಕ್ಕೇ. ವಾಲ್ವ್ ಕೆಳಗೆ ಹಾಕುವುದಕ್ಕೂ ಇದೇ. ಆದರೆ ಸಪ್ಲೈಯರ್‌ನನ್ನು ಎರಡು ಮಾತು ಕೇಳಿ. ಲೈನ್ ಪೂರ್ತಿ ದ್ರವ ತುಂಬಿದ್ದರೂ ಇದು ಪೂರ್ತಿ ತೆರೆಯುತ್ತದಾ? ಹಲವು ರಿವರ್ಸ್ ಡಿಸ್ಕ್‌ಗಳಿಗೆ ತೆರೆದುಕೊಳ್ಳಲು ಹಿಂದಿನಿಂದ ಗ್ಯಾಸ್‌ನ ನೂಕುಬಲ ಬೇಕು. ಎರಡನೆಯದು, ಬೆನ್ನು ನೆಗ್ಗಿದ್ದರೆ ಇಲ್ಲವೇ ತಪ್ಪಿ ಉಲ್ಟಾ ಹಾಕಿದರೆ ಎಷ್ಟಕ್ಕೆ ಒಡೆಯುತ್ತದೆ? ಒಳ್ಳೆಯ ಡಿಸ್ಕ್ ನೆಗ್ಗಿದರೆ ಬಿಲ್ಲೆಯ ಅಂಕಿಗಿಂತ ಕೆಳಗೇ ಒಡೆಯಬೇಕು. ಕೆಲವು ಅದಕ್ಕಿಂತ ಬಹಳ ಮೇಲೆ ಹೋಗುತ್ತವೆ. ಇದಕ್ಕೆ ಡ್ಯಾಮೇಜ್ ರೇಶಿಯೊ ಅನ್ನುತ್ತಾರೆ, ಅದನ್ನು ಬರವಣಿಗೆಯಲ್ಲಿ ಪಡೆಯಿರಿ.

ಗ್ರಾಫೈಟ್ ಡಿಸ್ಕ್ ಬಗ್ಗೆ ಒಂದೇ ಮಾತು. ಹೈಡ್ರೋಕ್ಲೋರಿಕ್ ಆಸಿಡ್‌ನಂಥದ್ದಕ್ಕೆ ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ತಡೆಯುತ್ತದೆ, ಆದರೆ ಒಡೆದರೆ ಚೂರು ಚೂರು, ವಾಲ್ವ್ ಕೆಳಗೆ ಬೇಡವೇ ಬೇಡ.

ಲೆಕ್ಕ ಹಾಕಿ ನೋಡೋಣ. ವೆಸೆಲ್ ಡಿಸೈನ್ 6 ಬಾರ್, ಓಡುವ ಒತ್ತಡ 4.5 ಬಾರ್. 6 ಬಾರ್‌ಗೆ ಕನ್ವೆನ್ಷನಲ್ ಡಿಸ್ಕ್ ಆರ್ಡರ್ ಹಾಕಿದಿರಿ. ಮ್ಯಾನುಫ್ಯಾಕ್ಚರಿಂಗ್ ರೇಂಜ್, ಅಂದರೆ ಕೇಳಿದ ಅಂಕಿಯಿಂದ ಬಿಲ್ಲೆಯ ಅಂಕಿ ಎಷ್ಟು ಜರುಗಬಹುದು ಅನ್ನುವುದು, ಮೈನಸ್ 10 ಶೇಕಡ ಅಂತ ಕೊಟೇಶನ್‌ನ ಮೂಲೆಯಲ್ಲಿ ಇತ್ತು, ಯಾರೂ ನೋಡಲಿಲ್ಲ. ಹಾಗಿದ್ದರೆ ಬಿಲ್ಲೆ ಮೇಲೆ 5.4 ಅಂತ ಬಂದರೂ ಅದು ತಪ್ಪಲ್ಲ. ಅದರ 70 ಶೇಕಡ ಅಂದರೆ 3.8 ಬಾರ್. ನೀವು 4.5ಕ್ಕೆ ಓಡಿಸುತ್ತೀರಿ. ಡಿಸ್ಕ್ ದಿನಾ ಸ್ವಲ್ಪ ಸ್ವಲ್ಪ ಹಿಗ್ಗಿ, ಒಂದು ದಿನ ಏನೂ ಆಗದ ಹೊತ್ತಲ್ಲಿ ಒಡೆಯುತ್ತದೆ. ಆಗ ಎಲ್ಲರೂ ಡಿಸ್ಕ್ ಕ್ವಾಲಿಟಿ ಸರಿ ಇಲ್ಲ ಅನ್ನುತ್ತಾರೆ. ಅದೇ ಗೀರಿನ ಡಿಸ್ಕನ್ನು ರೇಂಜ್ ಸೊನ್ನೆಗೆ ತರಿಸಿದರೆ 80 ಶೇಕಡ ಅಂದರೂ 4.8, ಬಿಗಿಯಾಗಿ ಸಾಕಾಗುತ್ತದೆ. ರಿವರ್ಸ್ ಆದರೆ 5.4ರವರೆಗೆ ನಿಶ್ಚಿಂತೆ. ಬೆಲೆ ಜಾಸ್ತಿ, ನಿಜ. ಅಕಾಲದಲ್ಲಿ ಒಡೆದು ಹೋಗುವ ಒಂದು ಬ್ಯಾಚ್‌ನ ಬೆಲೆ ಪಕ್ಕದಲ್ಲಿ ಬರೆದು ನೋಡಿ. ಇದರ ಮೇಲೆ ಒಡೆಯುವ ಒತ್ತಡದಲ್ಲೇ ಪ್ಲಸ್ ಮೈನಸ್ 5 ಶೇಕಡ ವ್ಯತ್ಯಾಸಕ್ಕೆ ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಸ್ಥೆ) ಕೋಡ್ ಅವಕಾಶ ಕೊಡುತ್ತದೆ ಅನ್ನುವುದೂ ನೆನಪಿರಲಿ.

ಉಷ್ಣತೆಯನ್ನೂ ಬರೆದುಕೊಡಬೇಕು. ಲೋಹ ಬಿಸಿಯಾದಂತೆ ಮೆತ್ತಗಾಗುತ್ತದೆ, ಕಡಿಮೆ ಒತ್ತಡಕ್ಕೇ ಒಡೆಯುತ್ತದೆ. ಅಲ್ಯೂಮಿನಿಯಂ ಸುಮಾರು 120 ಡಿಗ್ರಿ ತನಕ ಸರಿ, ನಿಕ್ಕಲ್ ಮತ್ತು ಸ್ಟೇನ್‌ಲೆಸ್ ಸ್ಟೀಲ್ ಅದಕ್ಕಿಂತ ಎಷ್ಟೋ ಮೇಲಿನವರೆಗೆ. ಆದರೆ ರಿಯಾಕ್ಟರ್ ಒಳಗಿನ ಉಷ್ಣತೆಯನ್ನೇ ಡಿಸ್ಕ್‌ನ ಉಷ್ಣತೆ ಅಂತ ಬರೆಯಬೇಡಿ. ಉದ್ದ ನಾಜಲ್ ತುದಿಯಲ್ಲಿ ಗಾಳಿಗೆ ಒಡ್ಡಿಕೊಂಡ ಡಿಸ್ಕ್ ಒಳಗಿನದಕ್ಕಿಂತ ತಣ್ಣಗಿರುತ್ತದೆ. 150 ಡಿಗ್ರಿಗೆ ಅಂತ ಮಾಡಿಸಿದ್ದು 60 ಡಿಗ್ರಿಯಲ್ಲಿ ಕೂತಿದ್ದರೆ ಬಿಲ್ಲೆಯ ಅಂಕಿ ದಾಟಿದರೂ ಒಡೆಯದೆ ಇರಬಹುದು.

ಕೂರಿಸುವಾಗ

ಅಂಚು ಹಿಡಿದು ಎತ್ತಿ, ಬೆರಳು ಉಬ್ಬಿಗೆ ತಾಗಬಾರದು. ಬಾಣ ನೋಡಿ. ಬೋಲ್ಟ್‌ಗಳನ್ನು ಎದುರುಬದುರಾಗಿ, ಹಂತ ಹಂತವಾಗಿ, ಟಾರ್ಕ್ ರೆಂಚ್‌ನಲ್ಲೇ ಬಿಗಿಯಿರಿ. ಕೈ ಅಂದಾಜು ಇಲ್ಲಿ ನಡೆಯುವುದಿಲ್ಲ. ಸಡಿಲ ಆದರೆ ಡಿಸ್ಕ್ ಜಾರುತ್ತದೆ, ಅತಿ ಆದರೆ ಒಡೆಯುವ ಅಂಕಿಯೇ ಬದಲಾಗುತ್ತದೆ. ಒಮ್ಮೆ ಹೋಲ್ಡರ್‌ನಿಂದ ತೆಗೆದ ಡಿಸ್ಕನ್ನು ಚೆನ್ನಾಗಿದೆ ಅಂತ ಮತ್ತೆ ಹಾಕಬೇಡಿ.

ಡಿಸ್ಕ್ ಬದಲಿಸಲು ಅಂತ ಅದರ ಕೆಳಗೆ ದಾರಿ ಮುಚ್ಚುವ ಐಸೋಲೇಶನ್ ವಾಲ್ವ್ ಇಡುವ ರೂಢಿ ಉಂಟು. ಹ್ಯೂಸ್ಟನ್‌ನ ಗುಡ್‌ಇಯರ್ ಪ್ಲಾಂಟ್‌ನಲ್ಲಿ 2008ರ ಜೂನ್ 10ರಂದು ಅಮೋನಿಯಾ ಹೀಟ್ ಎಕ್ಸ್‌ಚೇಂಜರ್‌ನ ಒಡೆದ ಡಿಸ್ಕ್ ಬದಲಿಸಲು ಅಂಥ ವಾಲ್ವ್ ಮುಚ್ಚಿದರು. ಹೊಸ ಡಿಸ್ಕ್ ಅದೇ ದಿನ ಹಾಕಿದರು. ವಾಲ್ವ್ ತೆರೆಯಲಿಲ್ಲ. ಮರುದಿನ ಬೆಳಿಗ್ಗೆ ಬೇರೆ ಪಾಳಿಯವರು ಇನ್ನೊಂದು ವಾಲ್ವ್ ಮುಚ್ಚಿ, ಪೈಪ್ ತೊಳೆಯಲು ಸ್ಟೀಮ್ ಬಿಟ್ಟರು. ಒಳಗಿದ್ದ ಅಮೋನಿಯಾಕ್ಕೆ ಹೋಗಲು ದಾರಿಯೇ ಇರಲಿಲ್ಲ. ಎಕ್ಸ್‌ಚೇಂಜರ್ ಸಿಡಿದು ಒಬ್ಬ ಕೆಲಸಗಾರರು ಸತ್ತರು. ಹೊಚ್ಚ ಹೊಸ ಡಿಸ್ಕ್ ಆಚೆ ಕಡೆ ಹಾಗೇ ಕೂತಿತ್ತು.

ನನ್ನನ್ನು ಕೇಳಿದರೆ ಡಿಸ್ಕ್ ಕೆಳಗೆ ಆ ವಾಲ್ವ್ ಬೇಡ, ಬ್ಯಾಚ್ ನಿಲ್ಲಿಸಿಯೇ ಡಿಸ್ಕ್ ಬದಲಿಸಿ. ನಿಲ್ಲಿಸಲು ಆಗುವುದೇ ಇಲ್ಲ ಅಂದರೆ ಎರಡು ಡಿಸ್ಕ್ ಹೋಲ್ಡರ್‌ಗಳ ನಡುವೆ ಚೇಂಜ್‌ಓವರ್ ವಾಲ್ವ್ ಹಾಕಿ. ಅದು ಒಂದು ದಾರಿ ಮುಚ್ಚುವಾಗ ಇನ್ನೊಂದನ್ನು ತೆರೆದೇ ಮುಚ್ಚುತ್ತದೆ. ಅದೂ ಆಗದಿದ್ದರೆ ಐಸೋಲೇಶನ್ ವಾಲ್ವ್‌ಗೆ ತೆರೆದ ಸ್ಥಿತಿಯಲ್ಲಿ ಬೀಗ ಹಾಕಿ, ಕೀಲಿಯನ್ನು ಶಿಫ್ಟ್ ಇನ್‌ಚಾರ್ಜ್ ಕೈಲಿಡಿ. ನಾವು ಡಿಸ್ಕ್ ಬದಲಿಸುವ ಪರ್ಮಿಟ್‌ನ ಕೆಳಗೆ ಒಂದು ಸಾಲು ಸೇರಿಸಿದ್ದೆವು. ವಾಲ್ವ್ ತೆರೆದು ಬೀಗ ಹಾಕಿದ್ದನ್ನು ಇಬ್ಬರು ಮೇಲೆ ಹತ್ತಿ ನೋಡಿ ಸಹಿ ಹಾಕುವ ತನಕ ಪರ್ಮಿಟ್ ಮುಚ್ಚುವಂತಿರಲಿಲ್ಲ. ಮುಂದಿನ ಪಾಳಿಯವರು ಬಂದ ತಕ್ಷಣ ನೋಡುತ್ತಿದ್ದದ್ದೂ ಆ ಸಾಲನ್ನೇ.